ಎಂಟನೇ ಹೋಲ್ಡರ್

ಪಕ್ಕದ ಖಾಲಿ ಜಾಗದಲ್ಲಿ ಆರಂತಸ್ತಿನ ಕಟ್ಟಡ ಎದ್ದ ಮೇಲೆ ಅಜ್ಜಿಯ ಬಾಲ್ಕನಿಗೆ ಬಿಸಿಲು ಬರುವುದು ನಿಂತುಹೋಯಿತು. ಮೊದಲು ಟೊಮೆಟೊ ಸೊರಗಿತು, ಆಮೇಲೆ ಪುದೀನ, ಕೊನೆಗೆ ಯಾವುದಕ್ಕೂ ಜಗ್ಗದ ಮೆಣಸಿನ ಗಿಡವೂ ಎಲೆ ಉದುರಿಸಿಕೊಂಡು ಕಡ್ಡಿಯಾಯಿತು. ಒಂಬತ್ತು ಕುಂಡಗಳಲ್ಲಿ ಬರೀ ಮಣ್ಣು ಉಳಿಯಿತು. ಸೊಸೆ ಆ ಕುಂಡಗಳ ಮೇಲೆ ಒದ್ದೆ ಬಟ್ಟೆಯ ಬಕೆಟ್ ಇಡಲು ಶುರುಮಾಡಿದ ದಿನ ಅಜ್ಜಿ ಊಟಕ್ಕೆ ಕೂತವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಈ ಕೊತ್ತಂಬರಿಗೆ ವಾಸನೆಯೇ ಇಲ್ಲ. ಹಸಿರು ಕಾಗದ ಹೆಚ್ಚಿ ಹಾಕಿದ ಹಾಗಿದೆ."

"ಅಂಗಡೀಲಿ ಸಿಕ್ಕಿದ್ದನ್ನ ತಂದಿದೀನಿ ಅತ್ತೆ. ಮೂಸಿ ನೋಡಿ ತರೋಕೆ ನಂಗೆಲ್ಲಿದೆ ಪುರುಸೊತ್ತು?"

"ನಿನ್ನನ್ನ ಯಾರಮ್ಮ ಅಂದ್ರು? ನಾನು ಸೊಪ್ಪಿಗೆ ಅಂದೆ."

"ಸೊಪ್ಪು ತಂದೋಳು ನಾನೇ ಅಲ್ವಾ!"

ಸೊಸೆ ಬಟ್ಟೆ ಹೊಲಿಯುವವಳು. ಅವಳ ಮಷೀನು ಊಟದ ಮೇಜಿನ ಒಂದು ತುದಿಯಲ್ಲೇ ಇತ್ತು. ಇನ್ನೊಂದು ತುದಿಯಲ್ಲಿ ಐದು ಜನ ಸರದಿಯ ಮೇಲೆ ಉಣ್ಣುತ್ತಿದ್ದರು. ಯಾರದೋ ಕೋಟಿಗೆ ಎಲ್ಲಿ ಎಣ್ಣೆಯ ಕೈ ತಗಲೀತೋ ಎಂದು ಅವಳ ಜೀವ ಯಾವಾಗಲೂ ಬಾಯಲ್ಲಿ. ಮಗ ಬಸ್ ಡ್ರೈವರ್, ಅವನ ಊಟದ ಹೊತ್ತು ಒಂದು ವಾರದಂತೆ ಇನ್ನೊಂದು ವಾರ ಇರುತ್ತಿರಲಿಲ್ಲ. ಮೊಮ್ಮಗಳು ಪುಟ್ಟಿ ಎಂಟನೇ ತರಗತಿ. ಇನ್ನು ಉಳಿದದ್ದು ತಾತ. ದೊಡ್ಡ ಕಚೇರಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ವೈರ್‌ಮನ್ ಆಗಿದ್ದು ನಿವೃತ್ತನಾದವನು. ಆ ಕಟ್ಟಡದ ಯಾವ ಗೋಡೆಯೊಳಗೆ ಯಾವ ವೈರ್ ಓಡಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದನಂತೆ. ಹಾಗಂತ ಅವನೇ ಹೇಳುತ್ತಿದ್ದ.

ಕಚೇರಿಯವರು ಹಳೆಯ ದೀಪಗಳನ್ನೆಲ್ಲ ಕಿತ್ತು ಎಲ್‌ಇಡಿ ಹಾಕಿಸಿದಾಗ ಎಸೆಯಲಿಟ್ಟಿದ್ದ ಸಿಎಫ್‌ಎಲ್ ಬಲ್ಬುಗಳನ್ನು ಅವನು ಎರಡು ಪೆಟ್ಟಿಗೆ ತುಂಬ ಮನೆಗೆ ತಂದಿದ್ದ. ಸುರುಳಿ ಸುತ್ತಿದ ಬಿಳಿ ಕೊಳವೆಯ ಆ ಬಲ್ಬುಗಳು ನಾಲ್ಕು ವರ್ಷದಿಂದ ಮಂಚದ ಕೆಳಗೆ ಧೂಳು ತಿನ್ನುತ್ತಿದ್ದವು. ಅಜ್ಜಿ ತಟ್ಟೆ ಸರಿಸಿದ್ದನ್ನು ನೋಡಿ ಅವನಿಗೆ ಅವು ನೆನಪಾದವು.

"ಬಿಸಿಲು ತಾನೇ ಬೇಕು ನಿಂಗೆ? ಸ್ಟೋರ್ ರೂಮಲ್ಲಿ ತಂದು ನಿಲ್ಲಿಸ್ತೀನಿ, ನೋಡ್ತಾ ಇರು."

ಸೊಸೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಮಾವ, ಆ ರೂಮು ನನ್ನ ಮಷೀನಿಗೆ ಅಂತ ಆಗಿತ್ತಲ್ಲ?"

"ಇರಮ್ಮ, ಅದೆಷ್ಟು ಜಾಗ ಬೇಕು? ಒಂದು ಕಪಾಟು."

"ಹೋದ ವರ್ಷವೂ ಹಳೇ ಫ್ಯಾನ್ ಇಡೋಕೆ ಒಂದು ಮೂಲೆ ಅಂದಿದ್ರಿ."

ಮಗ ಶೂ ಹಾಕಿಕೊಳ್ಳುತ್ತ ಬಾಗಿಲಿಂದಲೇ ತೀರ್ಪು ಕೊಟ್ಟ. "ಅರ್ಧ ಅವರಿಗೆ, ಅರ್ಧ ನಿಂಗೆ. ಮುಗೀತಲ್ಲ?" ಬಾಗಿಲು ಹಾಕಿಕೊಂಡು ಹೋದ. ಅವನಿಗೆ ಮುಗಿದಿತ್ತು, ಮನೆಯಲ್ಲಿದ್ದವರಿಗೆ ಶುರುವಾಯಿತು.

ತಾತ ಹಳೆಯ ಮರದ ಕಪಾಟಿನ ಬಾಗಿಲು ಕಿತ್ತ. ಒಳಗೆಲ್ಲ ಬಿಳಿ ಬಣ್ಣ ಬಳಿದ, ಬೆಳಕು ಗೋಡೆಗೆ ಬಡಿದು ವಾಪಸ್ ಗಿಡಕ್ಕೆ ಬರಬೇಕಂತೆ. ಮೇಲಿನ ಹಲಗೆಗೆ ನಾಲ್ಕು ಹೋಲ್ಡರ್ ಹೊಡೆದು ನಾಲ್ಕು ಬಲ್ಬು ಸಿಕ್ಕಿಸಿದ. ಕೆಳಗಿನ ಹಲಗೆಯ ಮೇಲೆ ಅಜ್ಜಿ ಉದ್ದನೆಯ ತಟ್ಟೆಗಳಲ್ಲಿ ಮಣ್ಣು ತುಂಬಿ ಕೊತ್ತಂಬರಿ, ಪಾಲಕ್, ಟೊಮೆಟೊ ಬಿತ್ತಿದಳು. ಸ್ವಿಚ್ ಹಾಕಿದಾಗ ಬಲ್ಬುಗಳು ಮೊದಲು ಮಂಕಾಗಿ ಮಿಣುಕಿ, ಆಮೇಲೆ ಮೆಲ್ಲಗೆ ಬೆಳಗಿದವು.

"ಹೇಗಿದೆ?" ಎಂದ ತಾತ, ಸೊಂಟಕ್ಕೆ ಕೈಯಿಟ್ಟು.

"ಮೊಳಕೆ ಬರಲಿ, ಆಮೇಲೆ ಹೊಗಳ್ತೀನಿ," ಎಂದಳು ಅಜ್ಜಿ.

ಮೊಳಕೆ ಬಂತು. ಬಂದದ್ದೇ ಎದ್ದು ನಿಂತು ಮೇಲಕ್ಕೆ ಓಡತೊಡಗಿತು. ಹತ್ತು ದಿನದಲ್ಲಿ ಸಸಿಗಳು ಗೇಣುದ್ದ ಆದವು. ಆದರೆ ದಂಟು ದಾರದಷ್ಟು, ಎಲೆ ಉಗುರಿನಷ್ಟು. ನೀರು ಹಾಕಿದರೆ ಸಾಕು, ಎಲ್ಲವೂ ಒಂದೇ ದಿಕ್ಕಿಗೆ ಅಡ್ಡಬೀಳುತ್ತಿದ್ದವು.

"ಬೀಜ ಸರಿಯಿಲ್ಲ," ಎಂದ ತಾತ.

"ನನ್ನ ಬೀಜಕ್ಕೇನಾಗಿದೆ? ನಿಮ್ಮ ಬಿಸಿಲು ಸರಿಯಿಲ್ಲ."

ಪುಟ್ಟಿ ಫೋನ್ ಹಿಡಿದು ನಡುವೆ ಬಂದಳು. "ತಾತ, ಬಲ್ಬು ತುಂಬಾ ದೂರ ಇದೆ. ನಾಲ್ಕು ಬೆರಳಷ್ಟು ಹತ್ರ ಇರ್ಬೇಕಂತೆ. ಮತ್ತೆ ನೇತು ಹಾಕ್ಬಾರ್ದು, ಮಲಗಿಸ್ಬೇಕು. ಇದರ ಬೆಳಕೆಲ್ಲ ಬದಿಯಿಂದ ಬರೋದಂತೆ, ತುದಿಯಿಂದ ಅಲ್ಲ."

"ಮೂವತ್ತನಾಲ್ಕು ವರ್ಷ ಬಲ್ಬು ಹಾಕಿದೋನಿಗೆ ಬಲ್ಬಿನ ಬಾಯಿ ಯಾವುದು, ಬಾಲ ಯಾವುದು ಅಂತ ನಿನ್ನ ಫೋನು ಹೇಳ್ಬೇಕಾ?"

ಎರಡು ದಿನ ಬಿಟ್ಟು, ಯಾರೂ ನೋಡದ ಹೊತ್ತಿನಲ್ಲಿ ಅವನು ಬಲ್ಬುಗಳನ್ನು ಮಲಗಿಸಿದ. ಈ ಸಲ ತೀರಾ ಹತ್ತಿರ. ಸಸಿಗಳು ಬೆಳೆದು ಕೊಳವೆಗೆ ತಾಗಿದವು, ಎಲೆಯ ಅಂಚು ಕಂದಿತು. ಎರಡು ಬಲ್ಬು ಹಳದಿ ಬೆಳಕಿನವೆಂದು ಆಮೇಲೆ ಗೊತ್ತಾಯಿತು. ಎಲೆಗೆ ಬಿಳಿ ಬೆಳಕಿನದೇ ಬೇಕಂತೆ. ಅವನ್ನು ಬದಲಿಸುವಾಗ ಒಂದು ಕೈಜಾರಿ ಅಡುಗೆಮನೆಯ ಹೊಸ್ತಿಲಲ್ಲಿ ಬಿದ್ದು ಪುಡಿಯಾಯಿತು.

"ಯಾರೂ ಕಾಲಿಡ್ಬೇಡಿ!" ಪುಟ್ಟಿ ಕೂಗಿದಳು. "ಅದರೊಳಗೆ ಪಾದರಸ ಇರುತ್ತೆ! ಕಿಟಕಿ ತೆಗೀರಿ!"

ಪಾದರಸ ಎಂದದ್ದೇ ತಡ, ಸೊಸೆ ಕಲಸಿಟ್ಟಿದ್ದ ರೊಟ್ಟಿಯ ಹಿಟ್ಟನ್ನು ಎತ್ತಿ ಕಸದ ಡಬ್ಬಿಗೆ ಹಾಕಿದಳು. ಇಡೀ ಮುದ್ದೆ. ಆ ಮಧ್ಯಾಹ್ನ ಎಲ್ಲರೂ ಬ್ರೆಡ್ ತಿಂದರು. ತಾತ ಬ್ರೆಡ್ಡನ್ನೂ ತಿನ್ನಲಿಲ್ಲ, ಸ್ಟೋರ್ ರೂಮಿನ ಸ್ಟೂಲಿನ ಮೇಲೆ ಕೂತೇ ಇದ್ದ.

ಬಲ್ಬು ಕೈಜಾರಿದ್ದು ಯಾಕೆಂದು ಅಜ್ಜಿಗೆ ಗೊತ್ತಿತ್ತು. ಅವನ ಬಲಗೈ ನಡುಗುತ್ತಿತ್ತು. ಸುಮ್ಮನೆ ಕೂತಾಗ ಹೆಬ್ಬೆರಳು ತೋರುಬೆರಳು ಎರಡೂ ಏನನ್ನೋ ಹೊಸೆಯುವಂತೆ ಆಡುತ್ತಿದ್ದವು. ಕೇಳಿದರೆ ಚಳಿ ಎನ್ನುತ್ತಿದ್ದ, ಚಹಾ ಜಾಸ್ತಿಯಾಯಿತು ಎನ್ನುತ್ತಿದ್ದ. ಬೇರೆಯವರಿದ್ದಾಗ ಆ ಕೈ ಜೇಬಿನಲ್ಲಿರುತ್ತಿತ್ತು.

ಮರುದಿನ ಅವನು ಅಜ್ಜಿಯನ್ನು ಸ್ಟೋರ್ ರೂಮಿಗೆ ಕರೆದ. "ಲೇ, ನಿನ್ನ ಕಣ್ಣು ಚೆನ್ನಾಗಿದೆ. ಈ ವೈರ್ ಈ ತೂತಿಗೆ ಹಾಕು ನೋಡೋಣ. ಮೇನ್ ಸ್ವಿಚ್ ತೆಗ್ದಿದೀನಿ, ಹೆದರ್ಬೇಡ."

ಅಜ್ಜಿಗೆ ನಗು ಬಂತು. ಮದುವೆಯಾದಾಗಿನಿಂದ ಅವಳು ಕೇಳಿದ್ದು ಒಂದೇ ಮಾತು: ಮುಟ್ಟಬೇಡ. ಬಲ್ಬು ಹೋದರೆ ಮುಟ್ಟಬೇಡ, ಪ್ಲಗ್ ಸಡಿಲವಾದರೆ ಮುಟ್ಟಬೇಡ, ಒದ್ದೆ ಕೈಯಲ್ಲಿ ಸ್ವಿಚ್ಚಿನ ಹತ್ತಿರ ಕೂಡ ಸುಳಿಯಬೇಡ. ಈಗ ಅವಳ ಕೈಗೆ ಸ್ಕ್ರೂಡ್ರೈವರ್ ಬಂತು.

"ಸಿಪ್ಪೆ ಅರ್ಧ ಬೆರಳಷ್ಟು ಸುಲಿ. ಅಷ್ಟಲ್ಲ, ಅಷ್ಟಲ್ಲ! ತಾಮ್ರದ ಎಳೆಗಳನ್ನ ಬತ್ತಿ ಹೊಸೆಯೋ ಹಾಗೆ ಹೊಸಿ. ಒಂದೆಳೆಯೂ ಹೊರಗೆ ನಿಲ್ಬಾರ್ದು. ತೂರಿಸು. ಸ್ಕ್ರೂ ತಿರುಗಿಸು. ಇನ್ನೂ. ಈಗ ವೈರ್ ಹಿಡಿದು ಎಳೆ. ಬಂತಾ?"

"ಬಂತು."

"ಬರ್ಬಾರ್ದು! ಮತ್ತೆ ಹಾಕು."

ಒಂದು ವಾರ ಹೀಗೇ ಬಯ್ಯಿಸಿಕೊಂಡು ಅವಳು ಕಲಿತಳು. ಕೈಯ ಕೆಲಸ ಅವಳಿಗೆ ಹೊಸದಲ್ಲ. ದಾರ, ಜಡೆ, ಬತ್ತಿ, ಗಂಟು, ಎಲ್ಲ ಮಾಡಿದ ಬೆರಳುಗಳು. ನಾಲ್ಕು ಸಾಲದು, ಎಂಟು ಬಲ್ಬು ಬೇಕು ಎಂದು ತಾತ ತೀರ್ಮಾನಿಸಿದ. ಒಂದು ಉದ್ದ ಮರದ ಪಟ್ಟಿಗೆ ಎಂಟು ಹೋಲ್ಡರ್ ಕೂರಿಸಿ, ಪಟ್ಟಿಯ ಎರಡೂ ತುದಿಗೆ ಸರಪಳಿ ಕಟ್ಟಿ, ಗಿಡ ಬೆಳೆದಂತೆ ಒಂದೊಂದೇ ಕೊಂಡಿ ಮೇಲೆತ್ತುವ ಉಪಾಯ ಅವನದು. ಉಪಾಯ ಚೆನ್ನಾಗಿತ್ತು. ಅವನ ತಲೆ ಮೊದಲಿನಷ್ಟೇ ಚುರುಕಾಗಿತ್ತು.

ಆ ದಿನ ಅಜ್ಜಿ ಏಳು ಹೋಲ್ಡರ್ ಮುಗಿಸಿದಳು. ಬೆನ್ನು ಹಿಡಿದುಕೊಂಡಿತ್ತು. "ಇನ್ನೊಂದು ಸ್ನಾನ ಮಾಡಿ ಬಂದು ಹಾಕ್ತೀನಿ," ಎಂದು ಎದ್ದಳು. ಬಂದು ನೋಡಿದರೆ ಎಂಟನೆಯದೂ ಆಗಿತ್ತು.

"ಒಂದೇ ತಾನೇ, ನಾನೇ ಹಾಕ್ದೆ," ಎಂದ ತಾತ. ಅವನ ಹಣೆಯ ಮೇಲೆ ಬೆವರಿತ್ತು, ಮುಖದಲ್ಲಿ ಬಹಳ ದಿನದಿಂದ ಕಾಣದ ಖುಷಿ. ಆ ಖುಷಿಯನ್ನು ನೋಡಿ ಅಜ್ಜಿ ವೈರ್ ಎಳೆದು ನೋಡಲಿಲ್ಲ. ಎಳೆಯಬೇಕು ಅನ್ನಿಸಿತ್ತು. ಎಳೆದರೆ ಅವನಿಗೆ ಹೇಗನ್ನಿಸೀತೋ ಎಂದು ಬಿಟ್ಟಳು.

ಎಂಟು ಬಲ್ಬಿನ ಕೆಳಗೆ ಪಾಲಕ್ ನಿಜವಾಗಿಯೂ ಪಾಲಕ್ಕಿನ ಹಾಗೆ ಬೆಳೆಯತೊಡಗಿತು. ದಂಟು ಗಿಡ್ಡ, ಎಲೆ ಅಗಲ. ಅಜ್ಜಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡುತ್ತಿದ್ದಳು. ಸೊಸೆ ಮಾತ್ರ ಇನ್ನೂ ಊಟದ ಮೇಜಿನಲ್ಲೇ ಹೊಲಿಯುತ್ತಿದ್ದಳು. ಅರ್ಧ ರೂಮು ಎಂದು ಅವಳಿಗೆ ಸಿಕ್ಕಿದ್ದರಲ್ಲಿ ಮಷೀನು ಹಿಡಿಸಲಿಲ್ಲ, ಹೊಲಿದ ಬಟ್ಟೆ ನೇತುಹಾಕಲು ಎರಡು ಮೊಳೆ ಹಿಡಿಸಿದವು, ಅಷ್ಟೆ.

"ಆ ಕಡೆ ನೇತು ಹಾಕ್ಬೇಡಮ್ಮ, ಬಲ್ಬಿನ ಬಿಸಿ ಇರುತ್ತೆ," ಎಂದು ಅಜ್ಜಿ ಒಂದು ಸಲ ಹೇಳಿದಳು.

"ಮತ್ತೆಲ್ಲಿ ಹಾಕ್ಲಿ, ನನ್ನ ತಲೆ ಮೇಲೆ ಹಾಕ್ಕೊಳ್ಳಾ?" ಎಂದಳು ಸೊಸೆ.

ಐದನೇ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮನೆ ತುಂಬ ಪ್ಲಾಸ್ಟಿಕ್ ಸುಟ್ಟ ವಾಸನೆ ಹರಡಿತು. ಸೊಸೆ ಮೊದಲು ಇಸ್ತ್ರಿ ಪೆಟ್ಟಿಗೆ ನೋಡಿದಳು. ಆಮೇಲೆ ಸ್ಟೋರ್ ರೂಮಿನ ಕಡೆ ಓಡಿದಳು. ಅವಳು ಬಾಗಿಲಿಗೆ ಬರುವಷ್ಟರಲ್ಲಿ ಚಟ್ ಎಂದು ಸದ್ದಾಗಿ ಇಡೀ ಮನೆಯ ಕರೆಂಟ್ ಹೋಯಿತು. ಪಟ್ಟಿಯ ಕೊನೆಯ, ಕಪಾಟಿನಿಂದ ಹೊರಚಾಚಿದ್ದ ಹೋಲ್ಡರ್ ಕಪ್ಪಗೆ ಕರಗಿ ತೊಟ್ಟಿಕ್ಕಿತ್ತು. ತೊಟ್ಟಿಕ್ಕಿದ್ದು ಅದರ ಕೆಳಗೆ ಮೊಳೆಗೆ ನೇತುಹಾಕಿದ್ದ, ಶಾಲೆಯ ಟೀಚರ್ ಒಬ್ಬಳ ಹೊಸ ಕೋಟಿನ ಮೇಲೆ. ಗಾಢ ನೀಲಿ ಬಣ್ಣ, ಒಳಗೆ ರೇಷ್ಮೆಯ ಅಸ್ತರು. ಹನ್ನೆರಡು ದಿನದ ಕೆಲಸ, ಗುಂಡಿ ಹಾಕುವುದೊಂದೇ ಬಾಕಿಯಿತ್ತು. ಹೆಗಲ ಮೇಲೆ ಮೂರು ಬೆರಳಗಲ ತೂತು ಬಿದ್ದಿತ್ತು.

ಸೊಸೆ ಅಳಲಿಲ್ಲ. ಕೋಟನ್ನು ತಂದು ಮೇಜಿನ ಮೇಲೆ ಹರಡಿ, ತೂತಿನೊಳಗಿಂದ ಬೆರಳು ತೂರಿಸಿ, ಹಾಗೇ ಕೂತುಬಿಟ್ಟಳು. ಪುಟ್ಟಿ ಶಾಲೆಯಿಂದ ಬಂದಾಗಲೂ ಬೆರಳು ಅಲ್ಲೇ ಇತ್ತು.

ಸಂಜೆ ಮಗ ಬಂದ. ಕೈಕಾಲು ಕೂಡ ತೊಳೆಯದೆ ಪಟ್ಟಿಯನ್ನು ಕಿತ್ತು ತಂದು ಬೆಳಕಿಗೆ ಹಿಡಿದ. ಸುಟ್ಟ ಹೋಲ್ಡರಿನಿಂದ ವೈರ್ ತಾನಾಗಿಯೇ ಕಳಚಿ ಬಂತು.

"ಸ್ಕ್ರೂ ಟೈಟೇ ಮಾಡಿಲ್ಲ! ಇದನ್ನ ಯಾರು ಹಾಕಿದ್ದು?"

ಪುಟ್ಟಿ ತಿನ್ನುವುದನ್ನು ನಿಲ್ಲಿಸಿದಳು.

"ಕೇಳ್ತಾ ಇದೀನಿ. ಅಮ್ಮ ತಾನೇ ಈಗ ವೈರಿಂಗ್ ಮಾಡ್ತಿರೋದು? ನೀನಾ ಹಾಕಿದ್ದು?"

ಅಜ್ಜಿ ತಾತನ ಕಡೆ ನೋಡಿದಳು. ತಾತ ತಟ್ಟೆಯಲ್ಲಿದ್ದ ಬೇಳೆಯನ್ನು ನೋಡುತ್ತಿದ್ದ. ಬಲಗೈ ಮೇಜಿನ ಕೆಳಗಿತ್ತು. ಈಗ ಹೇಳುತ್ತಾನೆ, ಇನ್ನೊಂದು ಕ್ಷಣದಲ್ಲಿ ಹೇಳುತ್ತಾನೆ ಎಂದು ಅವಳು ಕಾದಳು. ಅವನು ಬೇಳೆಯನ್ನೇ ನೋಡುತ್ತಿದ್ದ.

"ಮನೆ ಸುಟ್ಟು ಹೋಗಿದ್ರೆ?" ಎಂದ ಮಗ. "ನಿಂಗೆ ಯಾಕಮ್ಮ ಈ ವಯಸ್ಸಲ್ಲಿ ಈ ಉಸಾಬರಿ? ಇವತ್ತಿಂದ ಒಂದು ಸ್ವಿಚ್ ಮುಟ್ಟಬೇಡ."

ಅಜ್ಜಿ ಎದ್ದು ಕೈ ತೊಳೆದಳು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

ಮರುದಿನ ಕೋಣೆಯಲ್ಲಿ ಇಬ್ಬರೇ ಇದ್ದಾಗ ಅವಳು ಕೇಳಿದಳು. "ಯಾಕ್ರೀ ಸುಮ್ಮನಿದ್ರಿ?"

"ಏನು ಹೇಳ್ಬೇಕಿತ್ತು?"

"ಎಂಟನೇದು ಯಾರು ಹಾಕಿದ್ದು ಅಂತ."

"ನಾನು ಟೈಟ್ ಮಾಡಿದ್ದೆ. ಬಲ್ಬಿನ ಬಿಸಿಗೆ ಸಡಿಲ ಆಗಿರ್ಬೇಕು. ಹೋಲ್ಡರೇ ಹಳೇದು."

"ಅದನ್ನೇ ಹೇಳಿ ಅವನಿಗೆ."

"ಹೇಳ್ತೀನಿ ಬಿಡು. ಅವನ ಸಿಟ್ಟು ಇಳೀಲಿ."

ಮಗನ ಸಿಟ್ಟು ಎರಡು ದಿನಕ್ಕೆ ಇಳಿಯಿತು. ತಾತ ಹೇಳಲಿಲ್ಲ. ಸ್ಟೋರ್ ರೂಮು ಕತ್ತಲಾಗಿತ್ತು. ಪಾಲಕ್ ಬಿಳಿಚಿಕೊಂಡು ಮಲಗಿತು. ಅಜ್ಜಿ ನೀರು ಹಾಕುವುದನ್ನೂ ಬಿಟ್ಟಳು.

ಮನೆಯಲ್ಲಿ ಹೊಸದೊಂದು ಶುರುವಾಗಿತ್ತು. ಅಜ್ಜಿ ಗ್ಯಾಸ್ ಹಚ್ಚಿದರೆ ಪುಟ್ಟಿ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಮಿಕ್ಸಿ ತೆಗೆದರೆ ಸೊಸೆ ಬಂದು, "ಬಿಡಿ ಅತ್ತೆ, ನಾನು ಮಾಡ್ತೀನಿ," ಎನ್ನುತ್ತಿದ್ದಳು. ಗೀಸರಿನ ಸ್ವಿಚ್ಚಿಗೆ ಮಗ ಟೇಪು ಸುತ್ತಿದ. ಒಂದು ದಿನ ಬೇಳೆಗೆ ಉಪ್ಪು ಎರಡು ಸಲ ಬಿತ್ತು. ಆ ದಿನ ಅವಳ ತಲೆಯಲ್ಲಿ ಸಿಟ್ಟೊಂದನ್ನು ಬಿಟ್ಟು ಬೇರೇನೂ ಇರಲಿಲ್ಲ, ಉಪ್ಪು ಎಲ್ಲಿ ನೆನಪಿರಬೇಕು? ಉಂಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏನು ನೋಡ್ತೀರಿ? ಉಪ್ಪು ಜಾಸ್ತಿ ಆಗಿದೆ ಅಂತ ಬಾಯಿಬಿಟ್ಟು ಹೇಳಿ."

"ಪರವಾಗಿಲ್ಲ ಅತ್ತೆ," ಎಂದಳು ಸೊಸೆ, ಕಾಯಿಲೆಯವರ ಹತ್ತಿರ ಮಾತಾಡುವ ದನಿಯಲ್ಲಿ.

ಇಷ್ಟು ವರ್ಷ ಸೊಸೆಯ ಜೊತೆ ಜಗಳವಾಡಿದ್ದಳು, ಕಾದಾಡಿದ್ದಳು, ತಿಂಗಳುಗಟ್ಟಲೆ ಮಾತು ಬಿಟ್ಟಿದ್ದಳು. ಆದರೆ ಆ ಮೆತ್ತನೆಯ ದನಿಯ ಮುಂದೆ ಅವಳಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಬಟ್ಟಲು ಕುಕ್ಕಿ ಎದ್ದು ಹೋದಳು. ಅದನ್ನೂ ಅವರು ಕಾಯಿಲೆಯ ಲೆಕ್ಕಕ್ಕೆ ಹಿಡಿದರು.

"ತಾತನ ಹತ್ರ ಏನಾದ್ರೂ ಜಗಳವಾ ಅಜ್ಜಿ?" ಎಂದಳು ಪುಟ್ಟಿ ಒಂದು ಮಧ್ಯಾಹ್ನ.

"ಯಾಕೆ?"

"ಅವರು ಕರೆದ್ರೆ ನೀನು ತಿರುಗೇ ನೋಡಲ್ಲ. ಅಪ್ಪ ಹೇಳ್ತಿದ್ರು, ನಿಂಗೆ ಮರೆವು ಶುರುವಾಗಿದೆ, ಕಿವೀನೂ ಕೇಳ್ತಿಲ್ಲ ಅಂತ. ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಾರಂತೆ." ಹೇಳಿದ ಮೇಲೆ ಪುಟ್ಟಿ ನಾಲಿಗೆ ಕಚ್ಚಿಕೊಂಡಳು.

ಅಜ್ಜಿ ನೇರ ಬಾಲ್ಕನಿಗೆ ಹೋದಳು. ತಾತ ಪೇಪರ್ ಓದುತ್ತಿದ್ದ. ಪೇಪರಿನ ಅಂಚು ಅಲುಗುತ್ತಿತ್ತು, ಗಾಳಿಯಿರಲಿಲ್ಲ.

"ನಂಗೆ ಮರೆವಂತೆ. ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಾರಂತೆ. ಕೇಳಿಸ್ತಾ?"

"ಒಳ್ಳೇದೇ ಅಲ್ವಾ, ತೋರಿಸಿದ್ರೆ ಒಂದ್ಸಲ. ಇಲ್ಲ ಅಂತ ಗೊತ್ತಾದ್ರೆ ಅವರಿಗೂ ಸಮಾಧಾನ."

ಅಜ್ಜಿಯ ಕೈಯಲ್ಲಿ ಆಗ ನೀರಿನ ಚೊಂಬು ಇದ್ದಿದ್ದರೆ ಏನಾಗುತ್ತಿತ್ತೋ ಹೇಳುವುದು ಕಷ್ಟ. "ಮದುವೆಯಾಗಿ ನಲವತ್ತನಾಲ್ಕು ವರ್ಷ," ಎಂದಳು. ಮಾತು ಪೂರ್ತಿ ಮಾಡದೆ ಒಳಗೆ ಹೊರಟಳು. ತಾನೇ ಮಗನಿಗೆ ಹೇಳಿಬಿಡಬಹುದಿತ್ತು. ಹಲವು ಸಲ ಬಾಯಿತನಕ ಬಂದಿತ್ತು. ಆದರೆ ಎಂಟನೇ ಹೋಲ್ಡರಿನ ಮಾತು ಎತ್ತಿದರೆ ನಡುಗುವ ಕೈಯ ಮಾತೂ ಬರುತ್ತದೆ. ಅದನ್ನು ಅವನೇ ಹೇಳಬೇಕು, ತಾನು ಎಳೆದು ಬೀದಿಗೆ ಹಾಕಬಾರದು ಎಂದು ಅವಳ ಹಟ. ಆ ಹಟಕ್ಕೂ ಈಗ ಅವಳಿಗೆ ಸಿಟ್ಟೇ ಬರುತ್ತಿತ್ತು.

ಶನಿವಾರ ಮಗ ರಜೆ ಹಾಕಿದ. ಕ್ಲಿನಿಕ್ಕಿಗೆ ಮೂವರು ಹೋದರು. ಬರುವುದು ಬೇಡ ಎಂದು ಮಗ ಹೇಳಿದರೂ ತಾತ ಕೇಳಲಿಲ್ಲ, ಅಂಗಿ ಹಾಕಿಕೊಂಡು ಹೊರಟೇಬಿಟ್ಟ. ಡಾಕ್ಟರ್ ನಡುವಯಸ್ಸಿನ ಹೆಂಗಸು. ಮೂರು ಪದ ಹೇಳಿ ನೆನಪಿಟ್ಟುಕೊಳ್ಳಿ ಎಂದಳು. ಇವತ್ತು ಯಾವ ವಾರ, ಯಾವ ತಾರೀಕು ಎಂದಳು. ಗಡಿಯಾರ ಬರೆಸಿದಳು.

"ನೂರರಿಂದ ಏಳೇಳು ಕಳೀತಾ ಹೋಗಿ ಅಮ್ಮ."

"ತೊಂಬತ್ಮೂರು. ಎಂಬತ್ತಾರು. ಎಪ್ಪತ್ತೊಂಬತ್ತು. ಎಪ್ಪತ್ತೆರಡು. ಅರವತ್ತೈದು. ಐವತ್ತೆಂಟು. ಸೊನ್ನೆ ತನಕ ಹೋಗ್ಬೇಕಾ? ಸೊನ್ನೆ ಬರಲ್ಲ, ಎರಡು ಉಳಿಯುತ್ತೆ."

ಡಾಕ್ಟರ್ ನಕ್ಕಳು. "ಆ ಮೂರು ಪದ?"

"ಸೇಬು, ಬೀಗ, ನದಿ."

ಡಾಕ್ಟರ್ ಪೆನ್ನು ಕೆಳಗಿಟ್ಟು ಮಗನ ಕಡೆ ತಿರುಗಿದಳು. "ಯಾಕೆ ಕರ್ಕೊಂಡು ಬಂದ್ರಿ ಇವರನ್ನ?"

"ಅದು... ಮನೇಲಿ ಒಂದು ವೈರಿಂಗ್ ಮಾಡ್ತಿದ್ರು ಡಾಕ್ಟ್ರೇ. ಸ್ಕ್ರೂ ಟೈಟ್ ಮಾಡೋದೇ ಮರೆತಿದ್ದಾರೆ. ಬೆಂಕಿ ಹತ್ತಿಕೊಳ್ತಿತ್ತು. ಕೇಳಿದ್ರೆ ಏನೂ ಹೇಳಲ್ಲ, ಸುಮ್ಮನೆ ಕೂರ್ತಾರೆ. ಅದಕ್ಕೆ ಭಯ ಆಯ್ತು."

"ವೈರಿಂಗ್ ಮಾಡ್ತೀರಾ ಅಮ್ಮ ನೀವು?"

ಅಜ್ಜಿ ಗೋಡೆಯ ಮೇಲಿನ ಮೆದುಳಿನ ಚಿತ್ರವನ್ನು ನೋಡುತ್ತ ಕೂತಳು. ಹಿಂದಿನ ಕುರ್ಚಿಯಲ್ಲಿದ್ದ ತಾತ ಕೆಮ್ಮಿದ.

"ಅವಳು ಮರೆತಿಲ್ಲ," ಎಂದ. ಯಾರಿಗೂ ಕೇಳಿಸಲಿಲ್ಲ, ಗಟ್ಟಿಯಾಗಿ ಇನ್ನೊಂದು ಸಲ ಹೇಳಿದ. "ಅವಳು ಮರೆತಿಲ್ಲ ಡಾಕ್ಟ್ರೇ. ಆ ಸ್ಕ್ರೂ ನಾನು ಹಾಕಿದ್ದು. ಅವಳು ಹಾಕಿದ ಏಳೂ ಗಟ್ಟಿಯಾಗೇ ಇದ್ವು. ನಾನು ಆಮೇಲೆ ಒಂದೊಂದೂ ಎಳೆದು ನೋಡಿದೀನಿ."

ಮಗ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದ. "ಅಪ್ಪ?"

"ತಿರುಗಿಸ್ತಾ ಇದ್ದೆ. ಸ್ಕ್ರೂಡ್ರೈವರು ಜಾರ್ತಾ ಇತ್ತು. ಸಾಕು ಅನ್ಕೊಂಡೆ. ಸಾಕಾಗಿಲ್ಲ ಅಂತ ನಂಗೆ ಗೊತ್ತಿತ್ತು."

ಡಾಕ್ಟರ್ ತನ್ನ ಕುರ್ಚಿಯನ್ನು ಅವನ ಕಡೆ ಎಳೆದುಕೊಂಡಳು. "ಯಜಮಾನ್ರೇ, ಎರಡೂ ಕೈ ಮುಂದೆ ಚಾಚಿ."

ಜೇಬಿನಿಂದ ಬಲಗೈ ಹೊರಬಂತು.

ವಾಪಸ್ ಬರುವಾಗ ಮಗ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತ. ಅಜ್ಜಿ, ತಾತ ಬಸ್ ಸ್ಟಾಪಿನ ಕಬ್ಬಿಣದ ಬೆಂಚಿನ ಮೇಲೆ ಕೂತರು. ಇಬ್ಬರ ನಡುವೆ ಮೂರನೆಯವರು ಕೂರುವಷ್ಟು ಜಾಗವಿತ್ತು.

"ಹದಿನೆಂಟು ದಿನ," ಎಂದಳು ಅಜ್ಜಿ. "ಹದಿನೆಂಟು ದಿನ ನನ್ನನ್ನ ಅವರು ಹುಚ್ಚಿ ಥರ ಕಾಯ್ತಿದ್ರು. ಗೀಸರಿಗೆ ಟೇಪು ಸುತ್ತಿದ್ರು. ನೀವು ಪೇಪರ್ ಓದ್ತಿದ್ರಿ."

"ತಪ್ಪಾಯ್ತು."

"ತಪ್ಪಾಯ್ತು ಅಂದ್ರೆ ಆಯ್ತಾ?"

"ಆಗಲ್ಲ." ಅವನು ರಸ್ತೆ ನೋಡಿದ. "ಹೇಳಿದ ದಿನವೇ ಎಲ್ಲಾ ಕಿತ್ಕೊಳ್ತಾರೆ ಅಂತ ಹೆದರಿಕೆ ಆಯ್ತು ಕಣೇ. ಸ್ಕ್ರೂಡ್ರೈವರು, ಟೆಸ್ಟರು, ಎಲ್ಲಾ. ಅದು ಬಿಟ್ಟು ನಂಗೆ ಬೇರೇನು ಬರುತ್ತೆ?"

"ಬಯ್ಯೋದು ಬರುತ್ತಲ್ಲ. ಚೆನ್ನಾಗಿ ಬರುತ್ತೆ."

ಅವನು ನಗಬಹುದೋ ಬಾರದೋ ಎಂದು ಅವಳ ಮುಖ ನೋಡಿದ. ಅವಳು ನಗಲಿಲ್ಲ.

ಮಗ ಆ ಸಂಜೆಯೇ ಗೀಸರಿನ ಟೇಪು ಬಿಚ್ಚಿದ. "ಬಾಯಿಬಿಟ್ಟು ಹೇಳ್ಬಾರ್ದಿತ್ತಾ ಅಮ್ಮ?" ಎಂದು ತಿರುಗಿ ಅವಳನ್ನೇ ದಬಾಯಿಸಿದ. ಕ್ಷಮೆ ಕೇಳಲು ಅವನಿಗೆ ಅದೊಂದೇ ದಾರಿ ಗೊತ್ತಿದ್ದದ್ದು. ಸೊಸೆ ಅಷ್ಟು ಸಲೀಸಾಗಿ ಮುಗಿಸಲಿಲ್ಲ. ಟೀಚರಿನ ಕೋಟಿನ ಹೆಗಲನ್ನು ಪೂರ್ತಿ ಬಿಚ್ಚಿ ಹೊಸ ಬಟ್ಟೆ ಹುಡುಕಿ ಮತ್ತೆ ಕೂರಿಸಿದ್ದಳು. ಟೀಚರ್ ತೊಟ್ಟು ನೋಡಿ, ಎರಡು ಹೆಗಲಿನ ಬಣ್ಣದಲ್ಲಿ ಒಂದು ಕೂದಲೆಳೆಯ ವ್ಯತ್ಯಾಸ ಕಂಡು, ಇನ್ನು ಮುಂದೆ ಬೇರೆ ಕಡೆ ಕೊಡುತ್ತೇನೆ ಎಂದು ಹೋಗಿದ್ದಳು.

"ಮಾವ, ನೀವು ಆವತ್ತೇ ಹೇಳಿದ್ರೆ ನಾನು ನಿಮ್ಮ ಮೇಲೆ ಕೂಗಾಡಿ ಸುಮ್ಮನಾಗ್ತಿದ್ದೆ," ಎಂದಳು. "ಅತ್ತೇನ ನಾನು ಮಗು ಥರ ಮಾತಾಡಿಸ್ದೆ. ಅದನ್ನ ಈಗ ಹೇಗೆ ವಾಪಸ್ ತಗೊಳ್ಲಿ?"

"ಜಗಳ ಆಡಮ್ಮ," ಎಂದಳು ಅಜ್ಜಿ. "ಮೊದಲಿನ ಹಾಗೆ."

"ಹಾಗಾದ್ರೆ ಕೇಳಿ. ಆ ಕಪಾಟು ನಂಗೆ ಇಷ್ಟ ಇಲ್ಲ. ಆದ್ರೆ ಕಪ್ಪು ಬಟ್ಟೆ ಮೇಲೆ ಕಪ್ಪು ದಾರ ನಂಗೆ ಕಾಣಲ್ಲ. ಆ ಮೇಜಿನ ದೀಪದಲ್ಲಿ ಕಣ್ಣು ಹೋಗ್ತಿದೆ. ಸ್ಟೋರ್ ರೂಮಲ್ಲಿ ನನ್ನ ಮಷೀನು ಮೊದಲು ಕೂರಬೇಕು. ಅದರ ಮೇಲೆ ಎರಡು ಬಿಳಿ ಬಲ್ಬು ಬೇಕು. ಮಿಕ್ಕ ಜಾಗದಲ್ಲಿ ನಿಮ್ಮ ಸೊಪ್ಪು ಬೆಳ್ಕೊಳ್ಳಿ, ಕಾಡು ಬೆಳ್ಕೊಳ್ಳಿ. ಬಟ್ಟೆಗೆ ಬೇರೆ ಕಡೆ ಮೊಳೆ."

"ಪೂರ್ತಿ ಆದ್ಮೇಲೆ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಬಂದು ನೋಡ್ಬೇಕು," ಎಂದ ಮಗ. "ಅದು ನಂದು ಶರತ್ತು."

"ಆ ಲೈಸೆನ್ಸ್ ಹುಡುಗರಿಗೆ ಏನು..." ಎಂದು ತಾತ ಶುರುಮಾಡಿದ.

ನಾಲ್ವರೂ ಅವನನ್ನು ನೋಡಿದರು. "ಸರಿ, ನೋಡ್ಲಿ," ಎಂದ.

ಹಳೆಯ ಪ್ಲಾಸ್ಟಿಕ್ ಹೋಲ್ಡರುಗಳನ್ನು ಅಜ್ಜಿ ಒಂದೊಂದಾಗಿ ಕಿತ್ತು ಎಸೆದಳು. ಪೆಟ್ಟಿಗೆಯ ಬಲ್ಬುಗಳನ್ನು ಒಂದೊಂದಾಗಿ ಹಚ್ಚಿ ನೋಡಿದರೆ ಕೆಲಸಕ್ಕೆ ಬರುವ ಬಿಳಿಯವು ಏಳೇ ಉಳಿದಿದ್ದವು. ಮಷೀನಿಗೆ ಎರಡು, ಕಪಾಟಿಗೆ ಎಂಟು. ಮೂರು ಕಮ್ಮಿ. ಸೋಮವಾರ ಬೆಳಿಗ್ಗೆ ಅವಳೂ ತಾತನೂ ಎಲೆಕ್ಟ್ರಿಕಲ್ ಅಂಗಡಿಗೆ ಹೋದರು. ತಾತನ ಕೈನಡುಕಕ್ಕೆ ಔಷಧಿ ಶುರುವಾಗಿ ಒಂಬತ್ತು ದಿನವಾಗಿತ್ತು. ಹೇಳಿಕೊಳ್ಳುವಂಥ ಬದಲಾವಣೆ ಏನೂ ಕಂಡಿರಲಿಲ್ಲ. ತಿಂಗಳು ಬೇಕು, ಪೂರ್ತಿ ಹೋಗುವುದಿಲ್ಲ ಎಂದಿದ್ದಳು ಡಾಕ್ಟರ್.

ಅಂಗಡಿಯವನು ತಾತನನ್ನು ಮೂವತ್ತು ವರ್ಷದಿಂದ ಬಲ್ಲವನು. ಕಂಡೊಡನೆ ಗಲ್ಲಾ ಬಿಟ್ಟು ಎದ್ದ.

"ಬನ್ನಿ ಯಜಮಾನ್ರೇ! ಎಷ್ಟು ದಿನ ಆಯ್ತು. ಏನು ಕೆಲಸ ಹಿಡಿದಿದ್ದೀರಿ? ಏನು ಕೊಡ್ಲಿ ಹೇಳಿ."

ತಾತ ಒಂದು ಹೆಜ್ಜೆ ಪಕ್ಕಕ್ಕೆ ಸರಿದ.

"ಕೆಲಸ ನಂದಲ್ಲ, ಇವಳದು. ಇವಳನ್ನೇ ಕೇಳಿ."

ಅಂಗಡಿಯವನು ಇದೇನೋ ತಮಾಷೆ ಎಂದುಕೊಂಡು ನಕ್ಕ. ಅಜ್ಜಿಯ ಕಡೆ ನೋಡಿದ, ಮತ್ತೆ ತಾತನ ಕಡೆ ನೋಡಿದ. ತಾತ ಗೋಡೆಯ ಮೇಲಿನ ಫ್ಯಾನುಗಳನ್ನು ನೋಡುತ್ತ ನಿಂತಿದ್ದ.

"ಪಿಂಗಾಣಿ ಹೋಲ್ಡರ್ ಹತ್ತು," ಎಂದಳು ಅಜ್ಜಿ. "ವೈರ್ ಒಂದು ಸುರುಳಿ, ಎಳೆ ಎಳೆಯಾಗಿ ಇರೋದು, ಒಂಟಿ ಕಡ್ಡಿ ಬೇಡ. ಸಿಎಫ್‌ಎಲ್ ಮೂರು, ಇಪ್ಪತ್ಮೂರು ವ್ಯಾಟ್."

"ಸಿಎಫ್‌ಎಲ್ ಈಗ ಯಾರು ತಗೋತಾರೆ ಅಮ್ಮ? ಎಲ್‌ಇಡಿ ತಗೊಳ್ಳಿ."

"ಇದೆಯೋ ಇಲ್ವೋ ಹೇಳಿ."

ಅವನು ಗೊಣಗುತ್ತ ಏಣಿ ಹತ್ತಿ ಅಟ್ಟದ ಮೂಲೆಯಿಂದ ಐದು ಡಬ್ಬಿ ಇಳಿಸಿದ. ಧೂಳಿಗೆ ಮೂವರೂ ಸೀನಿದರು. ಅಜ್ಜಿ ಒಂದೊಂದನ್ನೂ ಹಚ್ಚಿಸಿ ನೋಡಿದಳು. ಒಂದು ಉರಿಯಲೇ ಇಲ್ಲ. ಇನ್ನೊಂದು ಹಳದಿ.

"ಇದು ಬೇಡ."

"ಅದೂ ಬೆಳಕೇ ತಾನೇ ಅಮ್ಮ?"

"ಬೇಡ ಅಂದೆ. ಆ ಮೂರು ಕೊಡಿ."

ಅಂಗಡಿಯವನು ಮೂರು ಬಲ್ಬು ಒಂದು ಚೀಲಕ್ಕೆ, ಹೋಲ್ಡರು ವೈರು ಇನ್ನೊಂದು ಚೀಲಕ್ಕೆ ಹಾಕಿ, ಹಳೆಯ ಅಭ್ಯಾಸದಂತೆ ಎರಡನ್ನೂ ತಾತನ ಮುಂದೆ ಇಟ್ಟ. ತಾತ ಎರಡಕ್ಕೂ ಕೈಚಾಚಿದ. ಬಲ್ಬುಗಳು ಡಬ್ಬಿಯೊಳಗೆ ಕಿಣಿಕಿಣಿ ಎಂದವು. ಅಂಗಡಿಯವನ ಕಣ್ಣು ಆ ಕೈಯ ಮೇಲೆ ಹೋಯಿತು. ಈ ಸಲ ತಾತ ಕೈಯನ್ನು ಜೇಬಿಗೆ ಹಾಕಲಿಲ್ಲ.

ಅಜ್ಜಿ ಬಲ್ಬಿನ ಚೀಲವನ್ನು ಅವನ ಕೈಯಿಂದ ತೆಗೆದುಕೊಂಡಳು. ಅವಳ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ನೀವು ವೈರ್ ಹಿಡ್ಕೊಳ್ಳಿ," ಎಂದಳು. "ಭಾರದ್ದು ನಿಮಗೆ." ಎಂದವಳೇ ಬಲ್ಬುಗಳನ್ನು ಎದೆಗವಚಿಕೊಂಡು, ಅವನಿಗಾಗಿ ನಿಲ್ಲದೆ, ಆದರೆ ಅವನ ಹೆಜ್ಜೆ ಕೇಳಿಸುವಷ್ಟು ನಿಧಾನವಾಗಿ ರಸ್ತೆಗೆ ಇಳಿದಳು.